ಸ್ಟ್ರಾಬೆರಿ ಎಲೆಯ ಚೂರು ಮರುಚಿಗುರುವ ಗುಣ ಮತ್ತು ಅದರ ವಂಶವಾಹಿ

ನನ್ನ ಮೇಜಿನ ಮೇಲೆ ಎರಡು ಪೆಟ್ರಿ ಡಿಶ್‌ಗಳಿವೆ. ಎರಡಕ್ಕೂ ಸುರಿದದ್ದು ಒಂದೇ ಫ್ಲಾಸ್ಕಿನ ಮಾಧ್ಯಮ, ಎಂದರೆ ಅಂಗಾಂಶ ಬೆಳೆಯಲು ಬೇಕಾದ ಪೋಷಕಾಂಶಗಳ ಮಿಶ್ರಣ; ಎಲೆಗಳನ್ನು ಕತ್ತರಿಸಿದ್ದು ಒಂದೇ ಮಧ್ಯಾಹ್ನ, ಒಂದೇ ಬ್ಲೇಡಿನಿಂದ; ಎರಡೂ ಎರಡು ವಾರ ಒಂದೇ ಪೆಟ್ಟಿಗೆಯ ಕತ್ತಲಲ್ಲಿದ್ದು, ಆಮೇಲೆ ನಾಲ್ಕು ವಾರ ಒಂದೇ ದೀಪದ ಕೆಳಗೆ ಕಳೆದಿವೆ. ಎಡಗಡೆಯ ಡಿಶ್‌ನಲ್ಲಿರುವ ಎಲೆಚೂರುಗಳ ಅಂಚು ಉಬ್ಬಿ, ತಿಳಿಹಸಿರಿನ ಗಂಟುಗಂಟಾದ ಕ್ಯಾಲಸ್, ಎಂದರೆ ಗಾಯದ ಅಂಚಿನಲ್ಲಿ ಬೆಳೆಯುವ ರೂಪವಿಲ್ಲದ ಜೀವಕೋಶಗಳ ಮುದ್ದೆ, ಮೂಡಿದೆ. ಅದರ ಮೇಲೆ ಗುಂಡುಸೂಜಿಯ ತಲೆಯಷ್ಟು ಗಾತ್ರದ ಹೊಳಪಾದ ಮೊಗ್ಗುಗಳಿವೆ; ಕೆಲವು ಆಗಲೇ ಬಿಚ್ಚಿಕೊಂಡು, ಬೀಸಣಿಗೆಯಂತೆ ಮಡಚಿದ, ಅಂಚಿನಲ್ಲಿ ಹಲ್ಲುಗಳುಳ್ಳ, ನವಿರಾದ ಬಿಳಿ ರೋಮ ಹೊತ್ತ ಪುಟ್ಟ ಎಲೆಗಳನ್ನು ಚಾಚಿವೆ. ಬಲಗಡೆಯ ಡಿಶ್‌ನಲ್ಲಿ ಚೂರುಗಳ ಅಂಚು ಕಂದಿ ಕಂದುಬಣ್ಣಕ್ಕೆ ತಿರುಗಿದೆ. ಎರಡು ಮೂರು ಕಡೆ ನೀರುನೀರಾದ ಸಡಿಲ ಕ್ಯಾಲಸ್ ಇದೆಯೇ ಹೊರತು ಒಂದು ಚಿಗುರೂ ಇಲ್ಲ. ಎರಡೂ ಸ್ಟ್ರಾಬೆರಿಯೇ, ಎರಡೂ ಒಂದೇ ಜಾತಿಯವು. ಬೇರೆಯಾಗಿರುವುದು ತಳಿ ಮಾತ್ರ.

ಈ ವ್ಯತ್ಯಾಸವನ್ನು ನಾನು ಬಹಳ ವರ್ಷ ಮಾಧ್ಯಮದ ದೋಷವೆಂದೇ ತಿಳಿದಿದ್ದೆ. ಬಲಗಡೆಯ ತಳಿಗೆ ಸೈಟೊಕೈನಿನ್ ಎಂಬ ಸಸ್ಯ ಹಾರ್ಮೋನನ್ನು ಹೆಚ್ಚಿಸಿ ನೋಡಿದೆ, ಕಡಿಮೆ ಮಾಡಿ ನೋಡಿದೆ, ಆಕ್ಸಿನ್ ಎಂಬ ಇನ್ನೊಂದು ಹಾರ್ಮೋನನ್ನು ಬದಲಿಸಿದೆ, ಸುಕ್ರೋಸ್ ಬಿಟ್ಟು ಗ್ಲೂಕೋಸ್ ಹಾಕಿದೆ, ಕತ್ತಲಿನ ಅವಧಿಯನ್ನು ಒಂದು ವಾರದಿಂದ ನಾಲ್ಕು ವಾರದವರೆಗೆ ಎಳೆದೆ. ಪ್ರತಿ ಸಲವೂ ಅಲ್ಪಸ್ವಲ್ಪ ಸುಧಾರಣೆ ಕಂಡಿತು. ಆದರೆ ಪ್ರತಿ ಸಲವೂ ಎಡಗಡೆಯ ತಳಿ ಅದೇ ಮಾಧ್ಯಮದಲ್ಲಿ ಅದಕ್ಕಿಂತ ಬಹಳ ಮುಂದಿತ್ತು. ಮಾಧ್ಯಮ ಬದಲಾದಂತೆ ಎರಡೂ ತಳಿಗಳ ಅಂಕಿಗಳು ಏರಿಳಿದವು, ಅವುಗಳ ಸ್ಥಾನ ಮಾತ್ರ ಅದಲುಬದಲಾಗಲಿಲ್ಲ. ಇದನ್ನು ಕಂಡ ಮೇಲೆಯೇ ನನಗೆ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕೆನಿಸಿತು: ಈ ಗುಣ ಗಿಡದ ವಂಶವಾಹಿಗಳಲ್ಲೇ ಇರುವುದಾದರೆ, ಪ್ರತಿ ತಳಿಗೊಂದು ಮಾಧ್ಯಮವನ್ನು ಹುಡುಕುವ ಬದಲು, ಹಣ್ಣಿನ ಸಿಹಿಯನ್ನೋ ರೋಗನಿರೋಧಕ ಶಕ್ತಿಯನ್ನೋ ಸಂಕರಣದಿಂದ ತರುವಂತೆ ಮರುಚಿಗುರುವ ಶಕ್ತಿಯನ್ನೂ ಏಕೆ ತರಬಾರದು? ತರಬಹುದು ಎನ್ನುವುದೇ ಈ ಬರಹದ ಮಾತು. ಅದನ್ನು ಸಾಧಿಸುವುದು ಎಷ್ಟು ಎಚ್ಚರದ ಕೆಲಸ ಎಂಬುದನ್ನೂ ಜೊತೆಯಲ್ಲೇ ಹೇಳಬೇಕಾಗಿದೆ.

ಮೊದಲಿಗೆ ಒಂದು ಗೊಂದಲವನ್ನು ಪರಿಹರಿಸಿಕೊಳ್ಳೋಣ. ಸ್ಟ್ರಾಬೆರಿಯ ಅಂಗಾಂಶ ಕೃಷಿ ಎಂದಾಗ ಹೆಚ್ಚಿನವರ ಮನಸ್ಸಿಗೆ ಬರುವುದು ಸಸಿಗಳ ಸಾಮೂಹಿಕ ಉತ್ಪಾದನೆ. ಬೆಲ್ಜಿಯಂನ ಫಿಲಿಪ್ ಬಾಕ್ಸಸ್ ಅವರು 1974ರಲ್ಲಿ ಪ್ರಕಟಿಸಿದ ವಿಧಾನ ಅದಕ್ಕೆ ಬುನಾದಿ ಹಾಕಿತು. ಅಲ್ಲಿ ನಡೆಯುವುದು ಮೊದಲೇ ಇರುವ ಮೊಗ್ಗುಗಳ ವೃದ್ಧಿ: ಪ್ರತಿ ಎಲೆಯ ಕಂಕುಳಲ್ಲೂ ಇರುವ ಕುಡಿಯನ್ನು ಸೈಟೊಕೈನಿನ್ ಎಬ್ಬಿಸುತ್ತದೆ, ಅದರ ಕಂಕುಳಲ್ಲಿರುವ ಇನ್ನೊಂದು ಕುಡಿಯನ್ನೂ ಎಬ್ಬಿಸುತ್ತದೆ, ಹೀಗೆ ಒಂದು ಹತ್ತಾಗುತ್ತದೆ. ಇದು ಹೆಚ್ಚುಕಡಿಮೆ ಎಲ್ಲ ತಳಿಗಳಲ್ಲೂ ಸಾಧ್ಯ. ನಾನು ಹೇಳುತ್ತಿರುವ ಮರುಚಿಗುರುವಿಕೆ ಬೇರೆಯದು. ಎಲೆಯ ಚೂರಿನಲ್ಲೋ ಎಲೆತೊಟ್ಟಿನ ತುಂಡಿನಲ್ಲೋ ಮೊಗ್ಗು ಎಂಬುದೇ ಇರುವುದಿಲ್ಲ. ಎಲೆಯಾಗಿಯೇ ಮುಗಿದುಹೋಗಬೇಕಾಗಿದ್ದ ಜೀವಕೋಶಗಳು ತಮ್ಮ ಕೆಲಸವನ್ನು ಬಿಟ್ಟು, ಮತ್ತೆ ವಿಭಜನೆಗೊಂಡು, ಹೊಸದಾಗಿ ಒಂದು ಕುಡಿಯನ್ನು ಕಟ್ಟಬೇಕು. ವಂಶವಾಹಿಯನ್ನು ಸೇರಿಸಿದ ಅಥವಾ ತಿದ್ದಿದ ಜೀವಕೋಶದಿಂದ ಇಡೀ ಗಿಡವನ್ನು ಪಡೆಯಬೇಕಾದರೆ ಸಾಮಾನ್ಯವಾಗಿ ಈ ದಾರಿಯಲ್ಲೇ ಹೋಗಬೇಕು. ತಳಿತಳಿಗೆ ಅಗಾಧ ವ್ಯತ್ಯಾಸ ಕಾಣುವುದೂ ಇಲ್ಲಿಯೇ.

ಸಸ್ಯದ ಒಂದೊಂದು ಜೀವಕೋಶಕ್ಕೂ ಇಡೀ ಗಿಡವಾಗುವ ಸಾಮರ್ಥ್ಯವಿದೆ ಎಂಬ ಕಲ್ಪನೆಯನ್ನು ಗಾಟ್ಲೀಬ್ ಹೇಬರ್ಲಾಂಟ್ 1902ರಲ್ಲಿಯೇ ಮುಂದಿಟ್ಟಿದ್ದರು. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ತಂಬಾಕಿನ ಅಂಗಾಂಶದ ಮೇಲೆ ಕೆಲಸ ಮಾಡಿ, ಆಕ್ಸಿನ್ ಮತ್ತು ಸೈಟೊಕೈನಿನ್‌ಗಳ ಅನುಪಾತವೇ ಬೇರು ಬರಬೇಕೋ ಚಿಗುರು ಬರಬೇಕೋ ಎಂಬುದನ್ನು ನಿರ್ಧರಿಸುತ್ತದೆ ಎಂದು ತೋರಿಸಿದರು. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ರೂಪಿಸಿದ ಲವಣಗಳ ಮಿಶ್ರಣವನ್ನು ನಾವು ಇಂದಿಗೂ ಎಂಎಸ್ ಮಾಧ್ಯಮ ಎಂದು ಕರೆದು ಬಳಸುತ್ತೇವೆ. ಈ ಇತಿಹಾಸ ನಮ್ಮ ಕ್ಷೇತ್ರಕ್ಕೆ ದೊಡ್ಡ ಉಪಕಾರವನ್ನು ಮಾಡಿದೆ, ಜೊತೆಗೆ ಒಂದು ಅಭ್ಯಾಸವನ್ನೂ ಅಂಟಿಸಿದೆ: ಚಿಗುರು ಬರಲಿಲ್ಲವೆಂದರೆ ಕೈ ತಾನಾಗಿಯೇ ಹಾರ್ಮೋನಿನ ಬಾಟಲಿಯತ್ತ ಹೋಗುತ್ತದೆ.

ಸ್ಟ್ರಾಬೆರಿಯ ಮಟ್ಟಿಗೆ ಆ ಬಾಟಲಿಗಳಲ್ಲಿ ಮುಖ್ಯವಾದದ್ದು ಥಿಡಿಯಾಜ಼ುರಾನ್. ಹತ್ತಿ ಗಿಡದ ಎಲೆ ಉದುರಿಸಲು ಬಳಕೆಗೆ ಬಂದ ಈ ರಾಸಾಯನಿಕಕ್ಕೆ ಬಲವಾದ ಸೈಟೊಕೈನಿನ್ ಗುಣವಿದೆ ಎಂಬುದು 1980ರ ದಶಕದ ಆರಂಭದಲ್ಲಿ ತಿಳಿದುಬಂದಿತು. ಅದರೊಂದಿಗೆ ಬೆಂಜೈಲ್ ಅಡೆನಿನ್, ಇಂಡೋಲ್ ಬ್ಯುಟಿರಿಕ್ ಆಮ್ಲ, ಕೆಲವೊಮ್ಮೆ 2,4-ಡಿ. ಪ್ರಕಟವಾದ ವಿಧಾನಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಒಂದು ತಳಿಗೆ ಎಲೆಚೂರು ಒಳ್ಳೆಯದು, ಇನ್ನೊಂದಕ್ಕೆ ಎಲೆತೊಟ್ಟು, ಮತ್ತೊಂದಕ್ಕೆ ತೊಟ್ಟಿನ ಬುಡದ ಪತ್ರಪುಟ ಅಥವಾ ಬೇರು. ಒಂದು ತಳಿಗೆ ಹೇಳಿದ್ದು ಇನ್ನೊಂದಕ್ಕೆ ಒಪ್ಪುವುದಿಲ್ಲ ಎಂಬ ಸಾಲು ಈ ಸಾಹಿತ್ಯದಲ್ಲಿ ಮತ್ತೆ ಮತ್ತೆ ಬರುತ್ತದೆ. ಅದನ್ನು ನಾವು ಒಂದು ತೊಡಕು ಎಂಬಂತೆ ಓದುತ್ತೇವೆ. ತಳಿವಿಜ್ಞಾನಿಯ ಕಣ್ಣಿಗೆ ಅದೇ ಸಾಲು ಬೇರೆಯಾಗಿ ಕಾಣಬೇಕು: ಒಂದೇ ಪರಿಸರದಲ್ಲಿ ಎರಡು ತಳಿಗಳು ಸ್ಥಿರವಾಗಿ ಬೇರೆ ಬೇರೆ ವರ್ತಿಸಿದರೆ, ಅಲ್ಲಿ ಆಯ್ಕೆಗೆ ಒದಗುವ ಆನುವಂಶಿಕ ವೈವಿಧ್ಯವಿದೆ ಎಂದರ್ಥ.

ಇದು ಸ್ಟ್ರಾಬೆರಿಗೆ ಮಾತ್ರ ಸೀಮಿತವಾದ ಊಹೆಯಲ್ಲ. ಕುದುರೆಮೆಂತೆಯಲ್ಲಿ ಬಿಂಗ್‌ಹ್ಯಾಮ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಕೆಲಸವನ್ನು ನಾನು ಇಂದಿಗೂ ಗೌರವದಿಂದ ನೆನೆಯುತ್ತೇನೆ. ಕ್ಯಾಲಸ್‌ನಿಂದ ಗಿಡ ಮರಳಿ ಬರುವ ಸಸಿಗಳನ್ನಷ್ಟೇ ಆರಿಸಿ, ಅವುಗಳನ್ನೇ ಪರಸ್ಪರ ಸಂಕರಿಸಿ, ಮತ್ತೆ ಆರಿಸಿ, ಕೇವಲ ಎರಡು ಸುತ್ತಿನಲ್ಲಿ ಮರುಚಿಗುರುವ ಗಿಡಗಳ ಪ್ರಮಾಣವನ್ನು ಶೇಕಡಾ 12ರಿಂದ 67ಕ್ಕೆ ಅವರು ಏರಿಸಿದರು. ಮಾಧ್ಯಮದಲ್ಲಿ ಪವಾಡವೇನೂ ನಡೆದಿರಲಿಲ್ಲ, ಗಿಡಗಳೇ ಬದಲಾಗಿದ್ದವು. 1980ರಲ್ಲಿ ರೈಶ್ ಮತ್ತು ಬಿಂಗ್‌ಹ್ಯಾಮ್ ದ್ವಿಗುಣಿತ, ಎಂದರೆ ವರ್ಣತಂತುಗಳ ಎರಡು ಗುಂಪುಗಳಷ್ಟೇ ಇರುವ, ಕುದುರೆಮೆಂತೆಯಲ್ಲಿ ಸಂತತಿಗಳನ್ನು ಎಣಿಸಿ, ಕ್ಯಾಲಸ್‌ನಿಂದ ಮೊಗ್ಗು ಮೂಡುವ ಗುಣವನ್ನು ಎರಡು ಪ್ರಬಲ ವಂಶವಾಹಿಗಳು ನಿಯಂತ್ರಿಸುತ್ತವೆ ಎಂಬ ತೀರ್ಮಾನಕ್ಕೆ ಬಂದರು. ಪ್ರಯೋಗಾಲಯದ ಕೈಚಳಕ ಎಂದೇ ಎಣಿಸಿದ್ದ ಗುಣವೊಂದು ಮೆಂಡೆಲ್‌ನ ಲೆಕ್ಕಕ್ಕೆ ಸಿಕ್ಕಿತ್ತು.

ಟೊಮೆಟೊದಲ್ಲೂ ಹೀಗೆಯೇ ಆಯಿತು. ಕೂರ್ನೀಫ್ ಮತ್ತು ಸಂಗಡಿಗರು ಕಾಡು ಬಂಧುವಾದ ಪೆರುವಿಯಾನಮ್ ಜಾತಿಯಿಂದ ಮರುಚಿಗುರುವ ಶಕ್ತಿಯನ್ನು ಬೇಸಾಯದ ಟೊಮೆಟೊಗೆ ತಂದರು; ಮುಂದೆ 1993ರಲ್ಲಿ ಅದರ ಒಂದು ಮುಖ್ಯ ವಂಶವಾಹಿಯನ್ನು ಮೂರನೆಯ ವರ್ಣತಂತುವಿನ ಮೇಲೆ ಗುರುತಿಸಿ ಆರ್‌ಜಿ-1 ಎಂದು ಕರೆದರು. ಮೆಕ್ಕೆಜೋಳದಲ್ಲಿ ಎ188 ಎಂಬ ಶುದ್ಧ ತಳಿಯನ್ನು ಸಂಶೋಧಕರು ದಶಕಗಳಿಂದ ಕಾಪಾಡಿಕೊಂಡು ಬಂದಿರುವುದು ಅದರ ಇಳುವರಿಗಾಗಿ ಅಲ್ಲ, ಅದರ ಅಂಗಾಂಶ ಸುಲಭವಾಗಿ ಗಿಡವಾಗುತ್ತದೆ ಎಂಬ ಒಂದೇ ಕಾರಣಕ್ಕೆ.

ಭತ್ತದ ಕಥೆಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಮಾಧ್ಯಮ ಮತ್ತು ವಂಶವಾಹಿ ಎಂದು ನಾವು ಎಳೆಯುವ ಗೆರೆಯನ್ನೇ ಅದು ಅಳಿಸಿಹಾಕುತ್ತದೆ. ಕೊಶಿಹಿಕಾರಿ ಎಂಬ ಜಪಾನಿನ ಹೆಸರಾಂತ ತಳಿಯ ಕ್ಯಾಲಸ್ ಸುಲಭವಾಗಿ ಗಿಡವಾಗುವುದಿಲ್ಲ. ಕಸಾಲತ್ ಎಂಬ ತಳಿಯದು ಆಗುತ್ತದೆ. ಈ ಎರಡರ ಸಂಕರದಲ್ಲಿ ಹುಡುಕಾಡಿದ ನಿಶಿಮುರಾ ಮತ್ತು ಸಂಗಡಿಗರು 2005ರಲ್ಲಿ ಕಾರಣವಾದ ವಂಶವಾಹಿಯನ್ನು ಪ್ರತ್ಯೇಕಿಸಿದಾಗ ಸಿಕ್ಕಿದ್ದು ಕುಡಿಯ ರಚನೆಯನ್ನು ಆಳುವ ಯಾವುದೋ ನಿಗೂಢ ನಿಯಂತ್ರಕವಲ್ಲ, ನೈಟ್ರೈಟ್ ರಿಡಕ್ಟೇಸ್ ಎಂಬ ಸಾಮಾನ್ಯ ಕಿಣ್ವದ ವಂಶವಾಹಿ. ಗಿಡ ನೈಟ್ರೇಟನ್ನು ಹೀರಿದಾಗ ಅದು ಮೊದಲು ನೈಟ್ರೈಟ್ ಆಗುತ್ತದೆ. ನೈಟ್ರೈಟ್ ವಿಷಕಾರಿ, ಅದನ್ನು ಬೇಗ ಅಮೋನಿಯಂಗೆ ತಿರುಗಿಸುವುದು ಈ ಕಿಣ್ವದ ಕೆಲಸ. ಕೊಶಿಹಿಕಾರಿಯಲ್ಲಿ ಆ ಕೆಲಸ ಮಂದವಾಗಿತ್ತು. ಕಸಾಲತ್‌ನ ವಂಶವಾಹಿಯನ್ನು ಸೇರಿಸಿದಾಗ ಕೊಶಿಹಿಕಾರಿಯ ಕ್ಯಾಲಸ್ ಕೂಡ ಗಿಡವಾಯಿತು. ಈಗ ಎಂಎಸ್ ಮಾಧ್ಯಮವನ್ನು ನೆನೆಯಿರಿ: ಅದರಲ್ಲಿ ಒಟ್ಟು ಸುಮಾರು 60 ಮಿಲಿಮೋಲಾರ್ ಸಾರಜನಕವಿದ್ದು, ಅದರಲ್ಲಿ ಮೂರನೆಯ ಎರಡು ಭಾಗ ನೈಟ್ರೇಟ್ ರೂಪದಲ್ಲಿದೆ. ಒಂದು ತಳಿಗೆ ಊಟವಾದದ್ದು ಇನ್ನೊಂದು ತಳಿಗೆ ಹೊರಲಾರದ ಹೊರೆಯಾಗಬಹುದು. ಆಗ ಮರುಚಿಗುರುವ ಗುಣ ಎಂದು ನಾವು ಅಳೆಯುವುದರಲ್ಲಿ ಒಂದು ಪಾಲು, ನಾವು ಕೊಟ್ಟ ಮಾಧ್ಯಮವನ್ನು ತಾಳಿಕೊಳ್ಳುವ ಗುಣವೇ ಆಗಿರುತ್ತದೆ. ಸ್ಟ್ರಾಬೆರಿಯಲ್ಲಿ ಇದೇ ಕಿಣ್ವ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಬಲಗಡೆಯ ಡಿಶ್‌ನ ಕಂದುಬಣ್ಣವನ್ನು ನೋಡಿದಾಗಲೆಲ್ಲ, ಅದಕ್ಕೆ ಚಿಗುರುವುದು ತಿಳಿಯದೋ, ಚಿಗುರುವ ಮೊದಲೇ ಬದುಕುಳಿಯಲಾರದೋ ಎಂಬ ಪ್ರಶ್ನೆ ನನಗೆ ತಪ್ಪದೆ ಬರುತ್ತದೆ.

ಇನ್ನು ಸ್ಟ್ರಾಬೆರಿಯ ವಂಶವೃತ್ತಾಂತಕ್ಕೆ ಬರೋಣ. ನಾವು ತಿನ್ನುವ ತೋಟದ ಸ್ಟ್ರಾಬೆರಿ ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಹುಟ್ಟಿದ ಸಂಕರ. ಫ್ರೆಂಚ್ ಅಧಿಕಾರಿ ಅಮೆಡೆ ಫ್ರೆಜ಼ಿಯೆ 1714ರಲ್ಲಿ ಚಿಲಿಯಿಂದ ತಂದ ದೊಡ್ಡ ಹಣ್ಣಿನ ಗಿಡಗಳು ಉತ್ತರ ಅಮೆರಿಕದ ವರ್ಜೀನಿಯಾ ಸ್ಟ್ರಾಬೆರಿಯ ಪಕ್ಕದಲ್ಲಿ ಬೆಳೆದು ಬೆರೆತವು; ಹೊಸ ಗಿಡ ಈ ಎರಡರ ಸಂಕರವೆಂದು ಆಂಟ್ವಾನ್ ನಿಕೊಲಾ ಡುಷೇನ್ 1766ರಲ್ಲಿ ಗುರುತಿಸಿದರು. ಇದು ಅಷ್ಟಗುಣಿತ ಸಸ್ಯ: ಪ್ರತಿ ಜೀವಕೋಶದಲ್ಲಿ ಏಳೇಳರ ಎಂಟು ಗುಂಪು, ಒಟ್ಟು 56 ವರ್ಣತಂತುಗಳು. ಕೇಳಿದೊಡನೆ ಲೆಕ್ಕ ಕೈಮೀರಿತು ಎನಿಸುತ್ತದೆ. ಆದರೆ ಈ 56 ವರ್ಣತಂತುಗಳು ಬಹುಮಟ್ಟಿಗೆ ತಮ್ಮ ನಿಜವಾದ ಜೋಡಿಯೊಂದಿಗೆ ಮಾತ್ರ ಕೂಡಿಕೊಳ್ಳುತ್ತವೆ. ಒಂದೇ ಗಿಡದೊಳಗೆ ನಾಲ್ಕು ದ್ವಿಗುಣಿತ ಉಪಜೀನೋಮ್‌ಗಳು, ಎಂದರೆ ವಂಶವಾಹಿಗಳ ನಾಲ್ಕು ಪೂರ್ಣ ಗುಂಪುಗಳು, ಅಕ್ಕಪಕ್ಕದಲ್ಲಿ ಬದುಕಿದಂತೆ. 2019ರಲ್ಲಿ ಕಮರೋಸಾ ತಳಿಯ ಜೀನೋಮ್ ಪ್ರಕಟವಾದಾಗ, ಈ ನಾಲ್ಕರಲ್ಲಿ ಕಾಡು ಸ್ಟ್ರಾಬೆರಿ ವೆಸ್ಕಾದಿಂದ ಬಂದ ಉಪಜೀನೋಮ್‌ನ ಮಾತೇ ಹೆಚ್ಚು ನಡೆಯುತ್ತದೆ ಎಂಬುದು ಕಂಡುಬಂದಿತು. ವರ್ಣತಂತುಗಳು ಹೀಗೆ ಜೋಡಿಜೋಡಿಯಾಗಿಯೇ ಕೂಡುವುದರಿಂದ ಅನುವಂಶೀಯತೆಯ ಲೆಕ್ಕವನ್ನು ದ್ವಿಗುಣಿತ ಸಸ್ಯಗಳ ಸೂತ್ರದಿಂದಲೇ ಆರಂಭಿಸಬಹುದು. ಒಂದು ಎಚ್ಚರ ಮಾತ್ರ ಇರಲಿ: ಒಂದೇ ಕೆಲಸವನ್ನು ಮಾಡುವ ವಂಶವಾಹಿ ನಾಲ್ಕು ಕಡೆ ಇರುವುದರಿಂದ, ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯ ಪ್ರತಿ ಮುಚ್ಚಿಬಿಡಬಹುದು.

ಇನ್ನೊಂದು ವಿಶೇಷವನ್ನು ಗಮನಿಸಬೇಕು. ಸ್ಟ್ರಾಬೆರಿ ತಳಿಗಳನ್ನು ಬೀಜದಿಂದಲ್ಲ, ಹಂಬುಗಳಿಂದ ಕಾಪಾಡುತ್ತಾರೆ. ಹಾಗಾಗಿ ಪ್ರತಿ ತಳಿಯೂ ಒಂದೇ ಗಿಡದ ಪ್ರತಿರೂಪ, ಮತ್ತು ಆ ಗಿಡ ಒಳಗಿನಿಂದ ಬಹಳ ಮಿಶ್ರ. ಬಟಾಣಿಯಲ್ಲಿ ಎರಡು ಶುದ್ಧ ತಳಿಗಳನ್ನು ಕೂಡಿಸಿದರೆ ಮೊದಲ ಪೀಳಿಗೆ ಏಕರೂಪವಾಗಿದ್ದು ಎರಡನೆಯದರಲ್ಲಿ ಗುಣಗಳು ಒಡೆಯುತ್ತವೆ; ಸ್ಟ್ರಾಬೆರಿಯಲ್ಲಿ ಮೊದಲ ಸಂಕರದಲ್ಲೇ ಒಡೆಯುತ್ತವೆ. ಒಂದೇ ಹಣ್ಣಿನ ಮೇಲಿನ ಬೀಜಗಳಿಂದ ಎದ್ದ ಸಸಿಗಳಲ್ಲಿ ಒಂದು ಚೆನ್ನಾಗಿ ಮರುಚಿಗುರುವುದು, ಪಕ್ಕದ್ದು ಚಿಗುರದಿರುವುದು ಸಹಜ. ಅಷ್ಟೇ ಅಲ್ಲ, ಎರಡು ಮಂದ ತಳಿಗಳ ಸಂಕರದಿಂದ ಚುರುಕಾದ ಸಸಿ ಹುಟ್ಟುವುದೂ ಸಾಧ್ಯ: ಒಂದರಲ್ಲಿ ಮೊದಲ ಪ್ರಬಲ ವಂಶವಾಹಿ ಇದ್ದು ಎರಡನೆಯದು ಇಲ್ಲದಿದ್ದರೆ, ಇನ್ನೊಂದರಲ್ಲಿ ಎರಡನೆಯದಿದ್ದು ಮೊದಲನೆಯದು ಇಲ್ಲದಿದ್ದರೆ, ಮಗುವಿನಲ್ಲಿ ಎರಡೂ ಕೂಡಬಹುದು. ಒಂದು ಒಳ್ಳೆಯ ಸಾಕ್ಷಿಯೂ ನಮ್ಮ ಮುಂದಿದೆ. ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ಕೆವಿನ್ ಫೋಲ್ಟಾ ಮತ್ತು ಸಂಗಡಿಗರು ಸ್ಟ್ರಾಬೆರಿ ಫೆಸ್ಟಿವಲ್ ಎಂಬ ತಳಿಯ ಸಂತತಿಯಿಂದ, ಅತಿ ಬೇಗ ಮರುಚಿಗುರುವ ಒಂದು ಸಸಿಯನ್ನು ಆರಿಸಿ 2006ರಲ್ಲಿ ಲ್ಯಾಬೊರೇಟರಿ ಫೆಸ್ಟಿವಲ್ 9 ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅದನ್ನು ಆರಿಸಿದ್ದು ಹಣ್ಣಿಗಾಗಿ ಅಲ್ಲ, ಪ್ರಯೋಗಾಲಯದ ಕೆಲಸಕ್ಕಾಗಿಯೇ. ಮಾಧ್ಯಮವನ್ನು ಗಿಡಕ್ಕೆ ಹೊಂದಿಸುವ ಬದಲು ಗಿಡವನ್ನೇ ಹುಡುಕಿದ ಆ ನಿರ್ಧಾರ ನನಗೆ ಬಹಳ ಮೆಚ್ಚುಗೆಯಾದದ್ದು.

ಹುಡುಕಲು ಎಷ್ಟು ಸಸಿಗಳು ಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಬೇಕಾದ ಗುಣ ನಾಲ್ಕು ಸಸಿಗಳಲ್ಲಿ ಒಂದಕ್ಕೆ ಬರುವಂಥದ್ದಾದರೆ, ಒಂದಾದರೂ ಸಿಗುವುದೆಂಬ ಶೇಕಡಾ 95ರಷ್ಟು ಭರವಸೆಗೆ 11 ಸಸಿಗಳು ಸಾಕು. ಎರಡು ಅಪ್ರಬಲ ವಂಶವಾಹಿಗಳು ಕೂಡಿಬರಬೇಕಾಗಿದ್ದು 16ರಲ್ಲಿ ಒಂದಕ್ಕೆ ಮಾತ್ರ ಬರುವುದಾದರೆ 47 ಬೇಕು. ಮೂರು ಕೂಡಬೇಕಾದರೆ, ಎಂದರೆ 64ರಲ್ಲಿ ಒಂದಾದರೆ, 191 ಬೇಕು. ಇಪ್ಪತ್ತು ಸಸಿಗಳನ್ನು ನೋಡಿ ಈ ತಳಿಯಿಂದ ಏನೂ ಬರುವುದಿಲ್ಲ ಎಂದು ಕೈಬಿಟ್ಟವರಲ್ಲಿ ನಾನೂ ಒಬ್ಬ. ಆ ಇಪ್ಪತ್ತರಿಂದ ಯಾವ ತೀರ್ಮಾನಕ್ಕೂ ಬರುವಂತಿರಲಿಲ್ಲ ಎಂಬುದು ಈ ಲೆಕ್ಕ ಮಾಡಿದ ಮೇಲೆ ಗೊತ್ತಾಯಿತು.

ಸಂಕರಣದ ಕೆಲಸ ಕೈಗೆ ಬಹಳ ಹಿತವಾದದ್ದು. ಹೂಗೊಂಚಲಿನಲ್ಲಿ ಮೊದಲು ಅರಳುವ ಹೂವೇ ದೊಡ್ಡದು, ಅದರಲ್ಲಿಯೇ ಬೀಜಗಳು ಹೆಚ್ಚು. ಅದನ್ನು ಬಿಳಿ ದಳಗಳು ಆಗತಾನೇ ಇಣುಕುತ್ತಿರುವ ಮೊಗ್ಗಿನ ಹಂತದಲ್ಲಿಯೇ ಹಿಡಿಯಬೇಕು. ಚೂಪಾದ ಚಿಮಟದಿಂದ ದಳಗಳನ್ನೂ ಅವುಗಳ ಒಳಸುತ್ತಿನ ಕೇಸರಗಳನ್ನೂ ಒಂದೊಂದಾಗಿ ಬಿಡಿಸಿದರೆ, ನಡುವೆ ಹಳದಿಹಸಿರಿನ ಗುಬುಟು ಉಳಿಯುತ್ತದೆ. ಅದರ ಮೇಲೆ ನೂರಾರು ಶಲಾಕೆಗಳು ಒತ್ತಾಗಿ ನಿಂತಿರುತ್ತವೆ. ಒಂದು ಕೇಸರ ಉಳಿದರೂ ಸ್ವಕೀಯ ಪರಾಗಸ್ಪರ್ಶವಾಗಿ ಸಂತತಿಯ ಲೆಕ್ಕ ಕೆಡುತ್ತದೆ. ತಂದೆ ತಳಿಯ ಪರಾಗಕೋಶಗಳನ್ನು ಹಿಂದಿನ ಸಂಜೆಯೇ ಕಿತ್ತು ಕಾಗದದ ಮೇಲೆ ಹರಡಿಟ್ಟರೆ ಬೆಳಿಗ್ಗೆ ಅವು ಒಡೆದು ಹಳದಿ ಪುಡಿ ಸಿಗುತ್ತದೆ. ಮೆತ್ತನೆಯ ಕುಂಚದಿಂದ ಅದನ್ನು ಗುಬುಟಿನ ಸುತ್ತಲೂ ಸವರಿ ಚೀಲ ಕಟ್ಟಬೇಕು. ಒಂದು ಬದಿಗೆ ಪರಾಗ ತಲುಪದಿದ್ದರೆ ಹಣ್ಣು ಆ ಬದಿಯಲ್ಲಿ ಸೊಟ್ಟಗಾಗಿ, ನನ್ನ ಕೈ ಎಲ್ಲಿ ತಪ್ಪಿತೆಂಬುದನ್ನು ಒಂದು ತಿಂಗಳ ನಂತರ ತೋರಿಸಿಕೊಡುತ್ತದೆ. ಹಣ್ಣಿನ ಮೈಮೇಲಿರುವ ಬೀಜದಂಥ ಕಾಳುಗಳು ನಿಜದಲ್ಲಿ ಒಂದೊಂದೂ ಒಂದು ಒಣಹಣ್ಣು; ಸಿಪ್ಪೆ ಗಟ್ಟಿಯಾದ್ದರಿಂದ ಮೊಳಕೆ ತಡ. ಸೋಂಕು ತೊಳೆದು, ಬ್ಲೇಡಿನಿಂದ ಕಾಳನ್ನು ಕತ್ತರಿಸಿ ಮಾಧ್ಯಮದ ಮೇಲಿಟ್ಟರೆ ಮೊಳಕೆ ಬೇಗ ಬರುತ್ತದೆ, ಸಸಿಗಳೂ ಒಂದೇ ವಯಸ್ಸಿನವಾಗುತ್ತವೆ.

ಒಂದೇ ವಯಸ್ಸು ಎಂಬ ಮಾತಿಗೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. ಒಮ್ಮೆ ನಾನು ಒಂದು ಸಂತತಿಯ ಅರ್ಧ ಸಸಿಗಳ ಎಲೆಗಳನ್ನು ಗಾಜಿನ ಮನೆಯ ಕುಂಡಗಳಿಂದಲೂ, ಉಳಿದರ್ಧದ ಎಲೆಗಳನ್ನು ಬಾಟಲಿಯೊಳಗೆ ಬೆಳೆದ ಸಸಿಗಳಿಂದಲೂ ತೆಗೆದೆ. ಸಮಯ ಉಳಿಸುವುದಷ್ಟೇ ನನ್ನ ಉದ್ದೇಶವಾಗಿತ್ತು. ಫಲಿತಾಂಶ ಎರಡು ಗುಂಪಾಗಿ ಸ್ಪಷ್ಟವಾಗಿ ಒಡೆದಿತ್ತು, ಮತ್ತು ಒಂದೇ ಪ್ರಬಲ ವಂಶವಾಹಿಯ ಕಥೆಯನ್ನು ನಾನು ಮನಸ್ಸಿನಲ್ಲಿ ಬರೆದೂ ಬಿಟ್ಟಿದ್ದೆ. ಆಮೇಲೆ ಗುರುತುಪಟ್ಟಿಗಳನ್ನು ಎದುರಿಟ್ಟು ನೋಡಿದರೆ ಆ ಎರಡು ಗುಂಪುಗಳು ಗಾಜಿನ ಮನೆ ಮತ್ತು ಬಾಟಲಿ, ಅಷ್ಟೇ. ತಾಯಿ ಗಿಡ ಬೆಳೆದ ಬೆಳಕು, ಎಲೆಯ ಎಳಸು, ಎಷ್ಟು ಸಲ ಬಾಟಲಿ ಬದಲಿಸಲಾಗಿದೆ, ಹಿಂದಿನ ಮಾಧ್ಯಮದಲ್ಲಿ ಸೈಟೊಕೈನಿನ್ ಇತ್ತೇ ಎಂಬ ಪ್ರತಿಯೊಂದೂ ವಂಶವಾಹಿಯ ವೇಷ ಹಾಕಿಕೊಂಡು ಬರಬಲ್ಲದು. ಆ ಸಂತತಿಯ ಪ್ರತಿ ಸಸಿಯನ್ನೂ ಮತ್ತೆ ಒಂದೇ ಮಾಧ್ಯಮದಲ್ಲಿ, ಒಂದೇ ಅಂತರದ ವರ್ಗಾವಣೆಗಳಲ್ಲಿ ವೃದ್ಧಿಸಿ ಪ್ರಯೋಗವನ್ನು ಮೊದಲಿನಿಂದ ಮಾಡಬೇಕಾಯಿತು.

ಪ್ರತಿ ಸಸಿಯಿಂದ ಎಷ್ಟು ಚೂರುಗಳನ್ನು ಇಡಬೇಕೆಂಬುದು ಇನ್ನೊಂದು ಮುಖ್ಯ ಪ್ರಶ್ನೆ. ಒಂದು ಸಸಿಯ ನಿಜವಾದ ಸಾಮರ್ಥ್ಯ ನೂರು ಚೂರಿಗೆ 30 ಚಿಗುರುವಷ್ಟಿದ್ದರೆ, ಹತ್ತು ಚೂರು ಇಟ್ಟಾಗ ಒಂದೂ ಚಿಗುರದಿರುವ ಸಂಭವ ಶೇಕಡಾ 3ರಷ್ಟು ಮಾತ್ರ. ಸಾಮರ್ಥ್ಯ ನೂರಕ್ಕೆ 10 ಆಗಿದ್ದರೆ ಅದೇ ಸಂಭವ ಶೇಕಡಾ 35ಕ್ಕೆ ಏರುತ್ತದೆ. ಅಂದರೆ ಮೂರರಲ್ಲಿ ಒಂದು ಸಲ ಚಿಗುರಬಲ್ಲ ಸಸಿಯನ್ನು ಚಿಗುರದ್ದು ಎಂದು ಬರೆದುಕೊಳ್ಳುತ್ತೇವೆ. ಅದನ್ನು ಶೇಕಡಾ 4ಕ್ಕೆ ಇಳಿಸಲು 30 ಚೂರುಗಳು ಬೇಕು. ಮೆಂಡೆಲ್‌ನ 3:1, ಅಥವಾ ಎರಡು ವಂಶವಾಹಿಗಳು ಒಟ್ಟಾಗಿ ಬೇಕಾದಾಗ ಬರುವ 9:7 ಎಂಬ ಅನುಪಾತಗಳನ್ನು ಹುಡುಕುವವರು ಈ ತಪ್ಪೆಣಿಕೆಯನ್ನು ಮರೆತರೆ, ಇಲ್ಲದ ಅನುಪಾತವೊಂದು ಕಾಗದದ ಮೇಲೆ ಮೂಡುತ್ತದೆ. ಚಿಗುರಿತು, ಚಿಗುರಲಿಲ್ಲ ಎಂಬ ಎರಡೇ ಅಂಕಣಗಳ ಹಿಂದೆ ಇರುವುದು ನಿರಂತರವಾಗಿ ಏರುವ ಒಂದು ಸಾಮರ್ಥ್ಯ. ಅದು ಒಂದು ಹೊಸ್ತಿಲನ್ನು ದಾಟಿದಾಗ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ನಾನು ಈಗ ಚಿಗುರಿದ ಚೂರುಗಳ ಪ್ರಮಾಣ, ಪ್ರತಿ ಚೂರಿನ ಚಿಗುರುಗಳ ಸಂಖ್ಯೆ ಮತ್ತು ಮೊದಲ ಮೊಗ್ಗು ಕಂಡ ದಿನ, ಈ ಮೂರನ್ನೂ ಬೇರೆ ಬೇರೆಯಾಗಿ ಬರೆದಿಡುತ್ತೇನೆ.

ಅವು ಬೇರೆ ಬೇರೆ ಗುಣಗಳೇ ಎಂಬುದು ನನ್ನ ಬಲವಾದ ಅಭಿಪ್ರಾಯ. ಗಾಯಕ್ಕೆ ಸ್ಪಂದಿಸಿ ಕ್ಯಾಲಸ್ ಕಟ್ಟುವುದು ಒಂದು ಹೆಜ್ಜೆ. ಎಲೆಯಿಂದಲೇ ಹುಟ್ಟಿದ್ದರೂ ಕ್ಯಾಲಸ್‌ನ ಒಳಗಿನ ವ್ಯವಸ್ಥೆ ಬೇರಿನ ತುದಿಯನ್ನು ಹೋಲುತ್ತದೆ ಎಂದು ಅರಬಿಡಾಪ್ಸಿಸ್ ಎಂಬ ಪ್ರಯೋಗಾಲಯದ ಮಾದರಿ ಸಸ್ಯದಲ್ಲಿ 2010ರಲ್ಲಿ ತೋರಿಸಲಾಯಿತು. ಹಾಗಾದರೆ ಅಲ್ಲಿಂದ ಚಿಗುರಿನ ಕುಡಿಗೆ ಹೊರಳುವುದು ಎರಡನೆಯ, ಬೇರೆಯದೇ ಆದ ಹೆಜ್ಜೆ. ಮೊಗ್ಗು ಉದ್ದವಾಗಿ ಕಾಂಡವಾಗುವುದು ಮೂರನೆಯದು, ಬೇರು ಬಿಡುವುದು ನಾಲ್ಕನೆಯದು. ಎಡಗಡೆಯ ನನ್ನ ತಳಿ ಎರಡನೆಯ ಹೆಜ್ಜೆಯಲ್ಲಿ ಚುರುಕು, ಮೂರನೆಯದರಲ್ಲಿ ಸೋಮಾರಿ: ಮೊಗ್ಗುಗಳು ಗುಂಪುಗುಂಪಾಗಿ ಬಂದು ಥಿಡಿಯಾಜ಼ುರಾನ್ ತೆಗೆಯುವವರೆಗೂ ಕುಗ್ಗಿಯೇ ಇರುತ್ತವೆ. ಈ ಎಲ್ಲವನ್ನೂ ಒಂದೇ ಅಂಕಿಯಲ್ಲಿ ಅಡಗಿಸಿ ಅದರ ಅನುವಂಶೀಯತೆಯನ್ನು ಅಳೆದರೆ ಸಿಗುವ ಉತ್ತರ ಮಸುಕಾಗಿರುತ್ತದೆ.

ಅಳೆಯುವ ವಿಷಯದಲ್ಲಿ ಸ್ಟ್ರಾಬೆರಿ ನಮಗೆ ಒಂದು ದೊಡ್ಡ ಅನುಕೂಲ ಮಾಡಿಕೊಟ್ಟಿದೆ. ಪ್ರತಿ ಸಸಿಯನ್ನೂ ಪ್ರತಿರೂಪಗಳಾಗಿ ವೃದ್ಧಿಸಬಹುದಾದ್ದರಿಂದ, ಅದೇ ವಂಶವಾಹಿಗಳ ಗುಂಪನ್ನು ಬೇರೆ ಬೇರೆ ವಾರಗಳಲ್ಲಿ ಮತ್ತೆ ಮತ್ತೆ ಪರೀಕ್ಷಿಸಿ, ಪ್ರತಿರೂಪಗಳ ನಡುವಿನ ವ್ಯತ್ಯಾಸವನ್ನು ಸಸಿಸಸಿಗಳ ನಡುವಿನ ವ್ಯತ್ಯಾಸದಿಂದ ನೇರವಾಗಿ ಬೇರ್ಪಡಿಸಬಹುದು. ಹೀಗೆ ಸಿಗುವುದು ವಿಶಾಲಾರ್ಥದ ಅನುವಂಶೀಯತೆ, ಎಂದರೆ ಒಟ್ಟು ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು. ತಳಿಯನ್ನು ಹಂಬಿನಿಂದಲೇ ಬೆಳೆಸುವವರಿಗೆ ಅದೇ ಸಾಕು. ಆದರೆ ಯಾವ ತಾಯಿ ತಂದೆಯರನ್ನು ಕೂಡಿಸಬೇಕೆಂದು ತಿಳಿಯಲು, ಹಲವು ತಳಿಗಳನ್ನು ಎಲ್ಲ ಜೋಡಿಗಳಲ್ಲೂ ಸಂಕರಿಸಿ, ಯಾವ ತಳಿ ಯಾರೊಂದಿಗೆ ಕೂಡಿದರೂ ಗುಣವನ್ನು ದಾಟಿಸುತ್ತದೆ, ಯಾವುದು ನಿರ್ದಿಷ್ಟ ಜೊತೆಯಲ್ಲಿ ಮಾತ್ರ ಹೊಳೆಯುತ್ತದೆ ಎಂಬುದನ್ನು ನೋಡಬೇಕು. ಮೊದಲನೆಯದು ಸಾಮಾನ್ಯ ಸಂಯೋಜನಾ ಸಾಮರ್ಥ್ಯ, ಎರಡನೆಯದು ವಿಶಿಷ್ಟ ಸಂಯೋಜನಾ ಸಾಮರ್ಥ್ಯ. ತಾಯಿ ತಂದೆಯರನ್ನು ಅದಲುಬದಲು ಮಾಡಿದ ಸಂಕರವನ್ನೂ ಬಿಡಬಾರದು. ಎರಡರ ಫಲಿತಾಂಶ ಬೇರೆಯಾದರೆ ಕೋಶದ್ರವ್ಯದ ಅಥವಾ ಬೀಜವನ್ನು ಹೊತ್ತ ತಾಯಿ ಗಿಡದ ಪ್ರಭಾವವನ್ನು ಶಂಕಿಸಬೇಕಾಗುತ್ತದೆ.

ಒಂದು ಅಡ್ಡದಾರಿಯ ಬಗ್ಗೆಯೂ ಹೇಳುತ್ತೇನೆ. ಮಂದ ತಳಿಯ ಸಾವಿರ ಚೂರುಗಳಲ್ಲಿ ಒಂದು ಹೇಗೋ ಚಿಗುರಿದಾಗ, ಆ ಚಿಗುರಿನಿಂದ ಬೆಳೆದ ಗಿಡದ ಎಲೆಗಳು ಮೂಲ ಗಿಡಕ್ಕಿಂತ ಚೆನ್ನಾಗಿ ಮರುಚಿಗುರುವುದನ್ನು ಕಾಣಬಹುದು. ಆಸೆ ಹುಟ್ಟಿಸುವ ದೃಶ್ಯ ಅದು. ಆದರೆ ಅದು ಅಂಗಾಂಶ ಕೃಷಿಯಲ್ಲಿಯೇ ಉಂಟಾದ ರೂಪಾಂತರವಾಗಿರಬಹುದು, ಜೀವಕೋಶಗಳು ಹಾರ್ಮೋನಿಗೆ ಒಗ್ಗಿಕೊಂಡ ತಾತ್ಕಾಲಿಕ ಸ್ಥಿತಿಯಾಗಿರಬಹುದು. ಅಂಥ ಗಿಡ ಹಣ್ಣಿನ ಗುಣದಲ್ಲಿ ಮೂಲ ತಳಿಗೆ ನಿಷ್ಠವಾಗಿರುತ್ತದೆ ಎಂಬ ಭರವಸೆಯೂ ಇಲ್ಲ. ಅದರ ಬೀಜದ ಸಸಿಗಳಲ್ಲಿ ಗುಣ ಮುಂದುವರಿಯುತ್ತದೆಯೇ ಎಂದು ನೋಡುವವರೆಗೆ ಅದನ್ನು ವಂಶಗುಣವೆಂದು ನಾನು ಕರೆಯುವುದಿಲ್ಲ.

ವಂಶವಾಹಿಗಳ ಹೆಸರು ಹಿಡಿದು ಹುಡುಕುವವರಿಗೆ ದ್ವಿಗುಣಿತ ವೆಸ್ಕಾ ಹೆಚ್ಚು ಅನುಕೂಲ: ಹದಿನಾಲ್ಕೇ ವರ್ಣತಂತುಗಳು, ಸುಮಾರು 24 ಕೋಟಿ ಅಕ್ಷರಗಳ ಪುಟ್ಟ ಜೀನೋಮ್. 2011ರಲ್ಲಿ ಅದರ ಜೀನೋಮನ್ನು ಓದಿದಾಗ ಆರಿಸಿಕೊಂಡದ್ದು ಹವಾಯಿ 4 ಎಂಬ ಹಳದಿ ಹಣ್ಣಿನ ಗಿಡವನ್ನು. ಆ ಆಯ್ಕೆಗೆ ಒಂದು ಮುಖ್ಯ ಕಾರಣ ಅದು ಸುಲಭವಾಗಿ ಮರುಚಿಗುರುತ್ತದೆ, ವಂಶವಾಹಿ ಸೇರ್ಪಡೆಗೆ ಒಗ್ಗುತ್ತದೆ ಎಂಬುದು. ಅಷ್ಟಗುಣಿತದೊಂದಿಗೆ ಅದನ್ನು ನೇರವಾಗಿ ಸಂಕರಿಸಿದರೆ ಬರುವ ಪಂಚಗುಣಿತ ಸಸಿಗಳು ಬಹುತೇಕ ಬಂಜೆಯಾದ್ದರಿಂದ, ಹವಾಯಿ 4ರ ಗುಣವನ್ನು ತೋಟದ ಗಿಡಕ್ಕೆ ತರುವುದು ಸುಲಭವಲ್ಲ. ಆದರೆ ಅಲ್ಲಿ ಗುರುತಿಸಿದ ವಂಶವಾಹಿಯ ಒಳ್ಳೆಯ ರೂಪ ಅಷ್ಟಗುಣಿತ ತಳಿಗಳ ನಾಲ್ಕು ಉಪಜೀನೋಮ್‌ಗಳಲ್ಲಿ ಎಲ್ಲಿ ಅಡಗಿದೆ ಎಂದು ನೋಡಲು ಅದು ದಾರಿ ತೋರುತ್ತದೆ.

ಇಷ್ಟೆಲ್ಲ ಕಷ್ಟಪಡುವ ಬದಲು ಕುಡಿಯನ್ನು ಕಟ್ಟುವ ವಂಶವಾಹಿಗಳನ್ನೇ ನೇರವಾಗಿ ಒಳಗೆ ಕಳಿಸಬಾರದೇ ಎಂದು ಕೇಳುವವರಿದ್ದಾರೆ. 2016ರಲ್ಲಿ ಮೆಕ್ಕೆಜೋಳದಲ್ಲಿ ಬೇಬಿ ಬೂಮ್ ಮತ್ತು ವುಶೆಲ್ ಎಂಬ ವಂಶವಾಹಿಗಳು, 2020ರಲ್ಲಿ ಗೋಧಿಯಲ್ಲಿ ಜಿಆರ್‌ಎಫ್4 ಮತ್ತು ಜಿಐಎಫ್1 ಎಂಬ ವಂಶವಾಹಿಗಳ ಜೋಡಣೆ ಒಗ್ಗದ ತಳಿಗಳನ್ನೂ ಒಗ್ಗಿಸಿದವು. ಆ ಕೆಲಸದ ಬೆಲೆಯನ್ನು ನಾನು ಕಡಿಮೆ ಮಾಡಲಾರೆ. ಆದರೆ ಅವು ಬೇಕಾದಾಗ ಕೆಲಸ ಮಾಡಿ ಆಮೇಲೆ ಸುಮ್ಮನಾಗಬೇಕು ಅಥವಾ ಗಿಡದಿಂದ ಹೊರಹೋಗಬೇಕು. ಬೀಜದಿಂದ ಬೆಳೆಯುವ ಬೆಳೆಯಲ್ಲಿ ಮುಂದಿನ ಪೀಳಿಗೆಯಲ್ಲಿ ಅವುಗಳನ್ನು ಬೇರ್ಪಡಿಸಿಬಿಡಬಹುದು. ಹಂಬಿನಿಂದ ಬೆಳೆಯುವ ಸ್ಟ್ರಾಬೆರಿಯಲ್ಲಿ ಒಂದು ಸಲ ಬೀಜಕ್ಕೆ ಹೋದರೆ ತಳಿಯೇ ಕಳೆದುಹೋಗುತ್ತದೆ. ಇದೇ ಕಾರಣಕ್ಕೆ ಒಂದು ತಳಿಯಲ್ಲಿ ತಿದ್ದಿದ್ದನ್ನು ಹಿಮ್ಮುಖ ಸಂಕರಣದಿಂದ, ಎಂದರೆ ಸಂತತಿಯನ್ನು ಮತ್ತೆ ಮತ್ತೆ ಒಂದೇ ಮೂಲ ತಳಿಯೊಂದಿಗೆ ಕೂಡಿಸುವುದರಿಂದ, ಇನ್ನೊಂದಕ್ಕೆ ಸಾಗಿಸಿ ಆ ತಳಿಯನ್ನು ಇದ್ದಂತೆಯೇ ಮರಳಿ ಪಡೆಯಲೂ ಆಗದು. ಒಂದು ಗುಣವನ್ನು ಪೂರ್ತಿ ತಿದ್ದಬೇಕಾದರೆ ಆ ವಂಶವಾಹಿಯ ಎಂಟು ಪ್ರತಿಗಳನ್ನೂ ಮುಟ್ಟಬೇಕಾಗಬಹುದು. ಅಂಥ ಅಪರೂಪದ ಜೀವಕೋಶ ಸಿಕ್ಕಿದಾಗ ಅದು ಚಿಗುರಲೇಬೇಕು. ಚಿಗುರುವ ಶಕ್ತಿ ತಳಿಯಲ್ಲೇ ಹುಟ್ಟಿನಿಂದ ಬಂದಿದ್ದರೆ ಆ ಕ್ಷಣದಲ್ಲಿ ಅದಕ್ಕಿಂತ ದೊಡ್ಡ ಆಸರೆ ಇಲ್ಲ. ಆದ್ದರಿಂದ ಹೊಸ ತಳಿಗಾಗಿ ತಾಯಿ ತಂದೆಯರನ್ನು ಆರಿಸುವ ಪಟ್ಟಿಯಲ್ಲಿ ಹಣ್ಣಿನ ಗಟ್ಟಿತನ, ಸಿಹಿ, ಇಳುವರಿಗಳ ಪಕ್ಕದಲ್ಲಿ ಇದಕ್ಕೂ ಒಂದು ಅಂಕಣವಿರಬೇಕೆಂದು ನಾನು ವಾದಿಸುತ್ತೇನೆ. ಹೆಚ್ಚಿನ ಕೆಲಸವೇನಲ್ಲ, ಪ್ರತಿ ಆಯ್ದ ಗಿಡದಿಂದ ಮೂವತ್ತು ಎಲೆಚೂರು, ಒಂದೇ ಮಾಧ್ಯಮ, ಆರು ವಾರ.

ಎಡಗಡೆಯ ತಳಿಯನ್ನೂ ಬಲಗಡೆಯ ತಳಿಯನ್ನೂ ನಾನು ಎರಡು ದಿಕ್ಕಿನಲ್ಲೂ ಸಂಕರಿಸಿದ್ದೇನೆ, ಬಲಗಡೆಯದನ್ನು ಸ್ವಕೀಯವಾಗಿಯೂ ಪರಾಗಸ್ಪರ್ಶ ಮಾಡಿದ್ದೇನೆ. ಕಾಳುಗಳನ್ನು ಕತ್ತರಿಸಿ ಮಾಧ್ಯಮದ ಮೇಲಿಟ್ಟದ್ದು ಒಂಬತ್ತು ದಿನಗಳ ಹಿಂದೆ. ಇಂದು ಬೆಳಿಗ್ಗೆ ನೋಡಿದಾಗ ಮೂರೂ ಗುಂಪುಗಳಲ್ಲಿ ಜೋಡಿ ಬೀಜದಳಗಳು ಬಿಚ್ಚಿಕೊಂಡಿದ್ದವು. ಈ ಸಲ ಒಂದೊಂದು ಗುಂಪಿನಲ್ಲೂ ಇನ್ನೂರಕ್ಕಿಂತ ಹೆಚ್ಚು ಕಾಳುಗಳನ್ನು ಇಟ್ಟಿದ್ದೇನೆ, ಮತ್ತು ಒಂದು ಸಸಿಯೂ ಗಾಜಿನ ಮನೆಗೆ ಹೋಗುವುದಿಲ್ಲ.